ಫೆಡ್, ಜೋರ್ಕಿ, ಕೀವ್: ಮನೆಯಲ್ಲೇ ರಿಪೇರಿ ಮಾಡುವವರು ಯಾವುದನ್ನು ಆರಿಸಬೇಕು?

ರೇಂಜ್‌ಫೈಂಡರ್ ಕ್ಯಾಮೆರಾ ಅಂದರೆ, ಎರಡು ಕಿಟಕಿಗಳಿಂದ ಬರುವ ಎರಡು ಬಿಂಬಗಳನ್ನು ಒಂದು ಮಾಡಿ ಫೋಕಸ್ ಮಾಡುವಂಥದ್ದು. ಈಗ ಕೈಗೆ ಸಿಗುವ ಸೋವಿಯತ್ ರೇಂಜ್‌ಫೈಂಡರ್ ಕ್ಯಾಮೆರಾ ಯಾವುದೇ ಇರಲಿ, ಅದಕ್ಕೆ ಹಲವು ದಶಕಗಳೇ ಆಗಿರುತ್ತವೆ. ಗ್ರೀಸ್ ಒಣಗಿರುತ್ತದೆ. ಶಟರ್ ಪರದೆ ಬಿರುಸಾಗಿರುತ್ತದೆ. ನಡುವೆ ಯಾರೋ ಒಬ್ಬರು ಸರಿಯಿಲ್ಲದ ಸ್ಕ್ರೂಡ್ರೈವರ್ ಹಿಡಿದು ಒಳಗೆ ಕೈ ಹಾಕಿದ್ದರೂ ಹಾಕಿರಬಹುದು. 'ಚೆನ್ನಾಗಿ ಕೆಲಸ ಮಾಡುತ್ತೆ' ಅಂತ ಬರೆದು ಮಾರುವವರ ಮಾತು ಸುಳ್ಳು ಅಂತಲ್ಲ. ಶಟರ್ ಒತ್ತಿದಾಗ ಸದ್ದು ಬಂತು ಅನ್ನುವುದಷ್ಟೇ ಅದರ ಅರ್ಥ.

ಹಾಗಾಗಿ ಕೊಳ್ಳುವ ಮೊದಲು ನಾನು ನೋಡುವುದು ಒಂದೇ. ಇದು ಕೆಟ್ಟಾಗ ನನ್ನ ಮೇಜಿನ ಮೇಲೆ, ನನ್ನ ಕೈಯಲ್ಲಿರುವ ಸಲಕರಣೆಯಲ್ಲಿ, ನಾನೇ ಸರಿಮಾಡಬಲ್ಲೆನಾ? ಫೋಟೊ ಚೆನ್ನಾಗಿ ಬರುವ ಮಾತು ಆಮೇಲೆ. ಸರಿಮಾಡಿದ ಮೇಲೆ ಮೂರೂ ಮನೆತನದ ಕ್ಯಾಮೆರಾಗಳು ಒಳ್ಳೇ ಫೋಟೊನೇ ಕೊಡುತ್ತವೆ.

ಮೂರು ಮನೆತನ ಅಂದೆ. ಮೊದಲನೆಯದು ಫೆಡ್. ಉಕ್ರೇನಿನ ಖಾರ್ಕಿವ್‌ನಲ್ಲಿ ಬೀದಿ ಮಕ್ಕಳಿಗಾಗಿ ನಡೆಸುತ್ತಿದ್ದ ಒಂದು ಕಮ್ಯೂನ್ ಇತ್ತು. ಶಿಕ್ಷಣ ತಜ್ಞ ಆಂತೋನ್ ಮಕರೆಂಕೊ ಅದನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಹುಡುಗರು ಮೊದಲು ವಿದ್ಯುತ್ ಡ್ರಿಲ್ ಮಾಡುತ್ತಿದ್ದರು. 1934ರಲ್ಲಿ ಜರ್ಮನಿಯ ಲೈಕಾ-2 ಮಾದರಿಯನ್ನು ನೋಡಿಕೊಂಡು ಕ್ಯಾಮೆರಾ ಮಾಡಲು ಶುರುಮಾಡಿದರು. ಸೋವಿಯತ್ ಗುಪ್ತ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಡ್ಜೆರ್ಜಿನ್‌ಸ್ಕಿ ಅನ್ನುವವರ ಹೆಸರಿನ ಮೂರು ಮೊದಲಕ್ಷರಗಳೇ ಫೆಡ್. ಎರಡನೆಯದು ಜೋರ್ಕಿ. 1948ರಿಂದ ಮಾಸ್ಕೋ ಪಕ್ಕದ ಕ್ರಾಸ್ನೊಗೋರ್ಸ್ಕ್‌ನಲ್ಲಿ ಅದೇ ಫೆಡ್ ನಕ್ಷೆಯಿಂದ ಹುಟ್ಟಿದ್ದು. ಅಂದರೆ ಇವೆರಡೂ ದಾಯಾದಿಗಳು. ಮೂರನೆಯದಾದ ಕೀವ್ ಬೇರೆಯೇ ಕುಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಯುದ್ಧ ಪರಿಹಾರವಾಗಿ ಕಾಂಟಾಕ್ಸ್ ಕ್ಯಾಮೆರಾದ ಯಂತ್ರ, ಅಚ್ಚು, ಬಿಡಿಭಾಗಗಳು ಬಂದವು. ಅವನ್ನು ಇಟ್ಟುಕೊಂಡು ಕೀವ್ ನಗರದ ಆರ್ಸೆನಾಲ್ ಕಾರ್ಖಾನೆ ಈ ಕ್ಯಾಮೆರಾ ಮಾಡಿತು. ಮೊದಮೊದಲ ಕೀವ್‌ಗಳ ಒಳಗೆ ಜರ್ಮನ್ ಭಾಗಗಳೇ ಇದ್ದವು.

ಈ ವಂಶಾವಳಿ ಯಾಕೆ ಹೇಳಿದೆ ಅಂದರೆ, ರಿಪೇರಿಯ ದಾರಿ ಅಲ್ಲಿಂದಲೇ ಬೇರೆಯಾಗುತ್ತದೆ. ಫೆಡ್, ಜೋರ್ಕಿಗಳಲ್ಲಿ ಶಟರ್ ಅಂದರೆ ರಬ್ಬರ್ ಬಳಿದ ಬಟ್ಟೆಯ ಎರಡು ಪರದೆ. ಅವು ಅಡ್ಡಡ್ಡ ಓಡುತ್ತವೆ. ಕೀವ್‌ನಲ್ಲಿ ಹಿತ್ತಾಳೆಯ ಸಣ್ಣ ಸಣ್ಣ ಪಟ್ಟಿಗಳು, ಅಂಗಡಿಯ ರೋಲಿಂಗ್ ಶಟರ್ ಥರ. ಅವು ಮೇಲೆ ಕೆಳಗೆ ಓಡುತ್ತವೆ. ಆ ಪಟ್ಟಿಗಳನ್ನು ಹಿಡಿದಿಡುವುದು ಎರಡು ರೇಷ್ಮೆ ರಿಬ್ಬನ್.

ಮೊದಲ ಕ್ಯಾಮೆರಾ ಆದರೆ ಫೆಡ್-2

ನನ್ನ ಉತ್ತರ ಇದೇ. 1955ರಲ್ಲಿ ಬಂದ ಮಾದರಿ. ಇದರ ಹಿಂಭಾಗ ಪೂರ್ತಿ ಕಳಚಿ ಕೈಗೆ ಬರುತ್ತದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ರಿಪೇರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೊದಲಿನ ಫೆಡ್-1, ಜೋರ್ಕಿ-1ಗಳಲ್ಲಿ ಫಿಲಂ ಹಾಕುವುದು ಕೆಳಗಿನಿಂದ. ಹಿಂಭಾಗ ತೆರೆಯುವುದೇ ಇಲ್ಲ. ಪರದೆಯಲ್ಲಿ ತೂತಿದೆಯಾ, ಲೆನ್ಸಿನ ಬಿಂಬ ಫಿಲಂ ಮೇಲೆ ಸರಿಯಾಗಿ ಬೀಳುತ್ತಿದೆಯಾ ಅಂತ ನೋಡಲು ಕ್ಯಾಮೆರಾವನ್ನೇ ಬಿಚ್ಚಬೇಕು. ಅವು ನೋಡಲು ಚೆಂದ, ಕೋಟಿನ ಜೇಬಿಗೂ ಹಿಡಿಯುತ್ತವೆ. ಆದರೂ ಕಲಿಯುವ ಕೈಗೆ ಅವು ಬೇಡ.

ಎರಡನೇ ಕಾರಣ ರೇಂಜ್‌ಫೈಂಡರ್. ಎರಡು ಕಿಟಕಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಫೋಕಸ್ ಕರಾರುವಾಕ್ಕು. ಫೆಡ್-2ರಲ್ಲಿ ಅದು 67 ಮಿಲಿಮೀಟರ್. ಜೋರ್ಕಿ-4ರಲ್ಲಿ 38 ಅಷ್ಟೇ. ಫೆಡ್-2ರ ನೋಡುಕಿಂಡಿಯಲ್ಲಿ ದೃಶ್ಯ ಸ್ವಲ್ಪ ಚಿಕ್ಕದಾಗಿ, ಸುಮಾರು ಮುಕ್ಕಾಲು ಗಾತ್ರದಲ್ಲಿ ಕಾಣುತ್ತದೆ. ಆ ಕೊರತೆ ಕಳೆದರೂ ಲೆಕ್ಕದಲ್ಲಿ ಅದೇ ಮುಂದೆ. ಕೀವ್‌ನಲ್ಲಿ ಈ ಅಂತರ 90 ಮಿಲಿಮೀಟರ್. ಅದಕ್ಕೆ ಸಾಟಿ ಇಲ್ಲ, ಆದರೆ ಅದರ ಮಾತು ಮುಂದೆ ಹೇಳುತ್ತೇನೆ.

ಕೊರತೆಯೂ ಇದೆ. ನಿಧಾನದ ವೇಗಗಳು ಇಲ್ಲ. ಸೆಕೆಂಡಿನ 25ನೇ ಒಂದು ಭಾಗದಿಂದ 500ನೇ ಒಂದು ಭಾಗದವರೆಗೆ ಮಾತ್ರ. ಮುಸ್ಸಂಜೆ ಹೊತ್ತಲ್ಲಿ ಸ್ಟ್ಯಾಂಡ್ ಇಟ್ಟು ಅರ್ಧ ಸೆಕೆಂಡ್ ತೆಗೆಯುತ್ತೇನೆ ಅನ್ನುವವರಿಗೆ ಕೈ ಕಟ್ಟಿದ ಹಾಗೆ ಆಗುತ್ತದೆ. ಆದರೆ ನಿಧಾನದ ವೇಗ ಇಲ್ಲ ಅಂದರೆ ಅದಕ್ಕೆ ಬೇಕಾದ ಗೇರುಗಳೂ ಇಲ್ಲ. ಕೆಡುವ ಭಾಗ ಅಷ್ಟು ಕಡಿಮೆ.

ಜೋರ್ಕಿ-4 ಯಾರಿಗೆ?

1956ರಿಂದ 1973ರವರೆಗೆ ಲಕ್ಷಗಟ್ಟಲೆ ತಯಾರಾದ ಮಾದರಿ ಇದು. ಹಾಗಾಗಿ ಭಾಗಗಳಿಗಾಗಿ ಒಂದು ಕೆಟ್ಟ ಕ್ಯಾಮೆರಾ ಹುಡುಕುವುದು ಸುಲಭ. ಒಂದು ಸೆಕೆಂಡಿನಿಂದ 1000ನೇ ಒಂದು ಭಾಗದವರೆಗೆ ವೇಗ ಇದೆ. ನೋಡುಕಿಂಡಿ ದೊಡ್ಡದು, ಕಣ್ಣಿಗೆ ಕಾಣುವಷ್ಟೇ ಗಾತ್ರದಲ್ಲಿ ತೋರಿಸುತ್ತದೆ. ಕಣ್ಣಿನ ಪವರ್‌ಗೆ ತಕ್ಕ ಹಾಗೆ ಹೊಂದಿಸುವ ಸನ್ನೆಯೂ (ಲಿವರ್) ಇದೆ. ಕನ್ನಡಕ ಹಾಕುವವರು ಫೆಡ್-2ರ ಸಣ್ಣ ಕಿಂಡಿಯಲ್ಲಿ ಪರದಾಡುವುದಕ್ಕಿಂತ ಇದನ್ನೇ ತಗೊಳ್ಳಿ.

ಇದರಲ್ಲಿ ಒಂದು ಎಚ್ಚರಿಕೆ ಇದೆ. ಮೊದಲು ಫಿಲಂ ಮುಂದಕ್ಕೆ ಸುತ್ತುವ ಗುಬುಟು ತಿರುಗಿಸಿ, ಆಮೇಲೆ ವೇಗ ಬದಲಿಸಿ. ತಿರುಗಿಸದೆ ವೇಗದ ಚಕ್ರವನ್ನು ಬಲವಂತ ಮಾಡಿದರೆ ಒಳಗಿನ ಪಿನ್ನು, ಗೇರು ಹಾಳಾಗುತ್ತವೆ. ಇದು ಫೆಡ್‌ಗೂ ಹೊಂದುವ ಮಾತೇ, ಯಾಕೆಂದರೆ ತಿರುಗಿಸಿದ ಮೇಲಷ್ಟೇ ಚಕ್ರ ಸರಿಯಾದ ಅಂಕಿ ತೋರಿಸುತ್ತದೆ. ಜೋರ್ಕಿಯಲ್ಲಿ ಮಾತ್ರ ಈ ತಪ್ಪಿನ ಬೆಲೆ ಜಾಸ್ತಿ. ನಾನು ಬಿಚ್ಚಿದ ಜೋರ್ಕಿಗಳಲ್ಲಿ ಕೆಟ್ಟುಹೋಗಿದ್ದ ನಿಧಾನದ ವೇಗಗಳಿಗೆ ಎರಡೇ ಕಾರಣ ಕಂಡೆ: ಒಂದು ಒಣಗಿದ ಗ್ರೀಸ್, ಇನ್ನೊಂದು ಈ ಬಲವಂತ. ಮೊದಲನೆಯದನ್ನು ತೊಳೆದರೆ ಸರಿಹೋಗುತ್ತದೆ. ಎರಡನೆಯದಕ್ಕೆ ಇನ್ನೊಂದು ಕ್ಯಾಮೆರಾದ ಭಾಗವೇ ಬೇಕು.

ಫೆಡ್-3, 4, 5ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಟ್ಟಿಮುಟ್ಟಾದ ಕ್ಯಾಮೆರಾಗಳೇ, ಅಗ್ಗಕ್ಕೂ ಸಿಗುತ್ತವೆ. ಫೆಡ್-4ರಿಂದ ಸೆಲೆನಿಯಂ ಬೆಳಕಿನ ಮೀಟರ್ ಸೇರಿತು. ಸೆಲೆನಿಯಂ ಸತ್ತಮೇಲೆ ಅದಕ್ಕೆ ಮದ್ದಿಲ್ಲ, ಸುಮ್ನೆ ಭಾರ. ಮೀಟರ್ ಇಲ್ಲದ ಮಾದರಿ ಸಿಗುವಾಗ ಅದನ್ನೇ ಆರಿಸಿ. ಈ ಮಾತು ಕೀವ್‌ಗೂ ಸೇರಿಸಿಯೇ ಹೇಳುತ್ತಿದ್ದೇನೆ: ಕೀವ್-4 ಬದಲು ಕೀವ್-4ಎ, ಕೀವ್-3 ಬದಲು ಕೀವ್-2.

ಕೀವ್: ಆಸೆ ಇರಲಿ, ಆತುರ ಬೇಡ

ನನಗೆ ತುಂಬಾ ಇಷ್ಟವಾದ ಕ್ಯಾಮೆರಾ ಇದೇ. 90 ಮಿಲಿಮೀಟರ್ ಅಂತರದ ಆ ರೇಂಜ್‌ಫೈಂಡರ್ ಒಂದೇ ಗಾಜಿನ ಉದ್ದ ಪ್ರಿಸಂ. ಹೊಡೆತ ಬಿದ್ದರೂ ಅಷ್ಟು ಬೇಗ ಜಾರುವುದಿಲ್ಲ. ಲೋಹದ ಶಟರ್ ಆದ್ದರಿಂದ ಬಿಸಿಲಿಗೆ ಸುಡುವ ಭಯ ಇಲ್ಲ. ಇದು ನಮ್ಮ ಕಡೆಯವರು ನೆನಪಿಡಬೇಕಾದ ಮಾತು. ರೇಂಜ್‌ಫೈಂಡರ್ ಕ್ಯಾಮೆರಾದೊಳಗೆ ಕನ್ನಡಿ ಇರುವುದಿಲ್ಲ. ಫೆಡ್ ಅಥವಾ ಜೋರ್ಕಿಯನ್ನು ಲೆನ್ಸ್ ಮುಚ್ಚದೆ ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ, ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಬಟ್ಟೆಯ ಪರದೆಗೆ ತೂತು ಬೀಳುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಹೆಚ್ಚು ಹೊತ್ತೇನೂ ಬೇಡ.

ಆದರೆ ಕೀವ್ ಒಳಗೆ ಕೈ ಹಾಕುವುದು ಬೇರೆ ಮಾತು. ರೇಷ್ಮೆ ರಿಬ್ಬನ್ ಹರಿದರೆ ಮುಂಭಾಗ ಬಿಚ್ಚಬೇಕು. ಹೊಸ ರಿಬ್ಬನ್ ಎರಡೂ ಒಂದೇ ಉದ್ದ ಇರಬೇಕು. ಕೂದಲೆಳೆ ಆಚೀಚೆ ಆದರೂ ಪಟ್ಟಿಗಳು ಓರೆಯಾಗಿ ಓಡುತ್ತವೆ. ಇನ್ನೊಂದು ತೊಡಕು ಫೋಕಸ್ ಮರೆ, ಅಂದರೆ ಸ್ಕ್ರೂಗೆ ಇರುವಂಥ ಸುತ್ತುಗೆರೆ. 50 ಮಿಲಿಮೀಟರ್ ಲೆನ್ಸನ್ನು ಮುಂದೆ ಹಿಂದೆ ಓಡಿಸುವ ಮರೆ ಲೆನ್ಸಿನಲ್ಲಿಲ್ಲ, ಕ್ಯಾಮೆರಾದಲ್ಲೇ ಇದೆ. ಅದನ್ನು ಬಿಚ್ಚಿ ತಪ್ಪು ಜಾಗದಿಂದ ಮತ್ತೆ ತಿರುಗಿಸಿದರೆ ಫೋಕಸ್, ರೇಂಜ್‌ಫೈಂಡರ್ ಎರಡೂ ಒಟ್ಟಿಗೆ ಕೈ ಕೊಡುತ್ತವೆ.

ಕೊಳ್ಳುವಾಗ ಹಿಂಭಾಗ ತೆಗೆದು, ಗುಬುಟನ್ನು ನಿಧಾನವಾಗಿ ತಿರುಗಿಸುತ್ತಾ ಪಟ್ಟಿಗಳನ್ನೇ ನೋಡಿ. ನೆಟ್ಟಗೆ, ಮಟ್ಟಸವಾಗಿ ಸರಿಯಬೇಕು. ಒಂದು ಕಡೆ ಜೋಲಿದರೆ ಆ ಕಡೆಯ ರಿಬ್ಬನ್ ಹೋಗಿದೆ ಅಥವಾ ಹೋಗುವುದರಲ್ಲಿದೆ. ಕೀವ್‌ನ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. 58ರಿಂದ ಶುರುವಾದರೆ 1958. ಐವತ್ತರ ದಶಕದವನ್ನೇ ಹುಡುಕಿ ಅಂತ ನನ್ನ ಸಲಹೆ. ಕೆಲಸ ಆಗ ಅಚ್ಚುಕಟ್ಟಾಗಿತ್ತು.

ಬಿಚ್ಚುವ ಮೊದಲು

ಸತ್ತಿದೆ ಅಂದುಕೊಂಡ ಕ್ಯಾಮೆರಾ ಎಷ್ಟೋ ಸಲ ಸತ್ತಿರುವುದಿಲ್ಲ. ಫೆಡ್-2, ಜೋರ್ಕಿ-4ಗಳಲ್ಲಿ ಶಟರ್ ಗುಂಡಿಯ ಸುತ್ತ ಒಂದು ಉಂಗುರ ಇದೆ. ಫಿಲಂ ಹಿಂದಕ್ಕೆ ಸುತ್ತುವಾಗ ಅದನ್ನು ತಿರುಗಿಸಿರುತ್ತಾರೆ. ಅದು ಅಲ್ಲೇ ಉಳಿದರೆ ಗುಬುಟು ಸುಮ್ನೆ ತಿರುಗುತ್ತದೆ, ಶಟರ್ ಏರುವುದಿಲ್ಲ. ಉಂಗುರ ಹಿಂದಕ್ಕೆ ತಂದರೆ ಸಾಕು. ಇನ್ನೊಂದು, ಫಿಲಂ ಸುತ್ತಿಕೊಳ್ಳುವ ರಾಟೆ ಫೆಡ್-2, ಜೋರ್ಕಿ-4ಗಳಲ್ಲಿ ಕಳಚಿ ಬರುವಂಥದ್ದು. ಹಾಗಾಗಿಯೇ ಕಳೆದೂ ಹೋಗಿರುತ್ತದೆ. ಕೊಳ್ಳುವ ಮೊದಲು 'ರಾಟೆ ಇದೆಯಾ?' ಅಂತ ಕೇಳಿ, ಫೋಟೊ ತರಿಸಿಕೊಳ್ಳಿ.

ಮೇಲೆ ಲೈಕಾ ಅಂತ ಕೆತ್ತಿ, ಬಂಗಾರದ ಬಣ್ಣ ಹಚ್ಚಿದವೂ ಮಾರಾಟಕ್ಕೆ ಬರುತ್ತವೆ. ಅವುಗಳ ಒಳಗೆ ಇರುವುದು ಫೆಡ್ ಅಥವಾ ಜೋರ್ಕಿ. ಲೆನ್ಸ್ ತಿರುಗಿಸಿ ತೆಗೆದು, ಒಳಗೆ ಮೇಲ್ಭಾಗದಲ್ಲಿ ಚಾಚಿಕೊಂಡಿರುವ ಸನ್ನೆಯನ್ನು ನೋಡಿ. ತುದಿಯಲ್ಲಿ ಉರುಳುವ ಗಾಲಿ ಇದ್ದರೆ ಲೈಕಾ. ಬೆಣೆಯಂಥ ನಾಲಗೆ ಇದ್ದರೆ ಸೋವಿಯತ್. ಫೆಡ್ ಅಂತ ತಿಳಿದು, ಫೆಡ್ ಬೆಲೆ ಕೊಟ್ಟು ತಗೊಂಡರೆ ತಪ್ಪೇನಿಲ್ಲ.

ಫೋಕಸ್ ತಪ್ಪಿದೆ: ಲೆನ್ಸಿನದಾ, ರೇಂಜ್‌ಫೈಂಡರ್‌ನದಾ?

ಈ ಕ್ಯಾಮೆರಾಗಳ ರಿಪೇರಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಫೋಟೊ ಮಸುಕಾಗಿ ಬಂತು ಅಂದ ತಕ್ಷಣ ರೇಂಜ್‌ಫೈಂಡರ್ ಸ್ಕ್ರೂ ತಿರುಗಿಸಲು ಹೋಗುತ್ತಾರೆ. ಅದಕ್ಕೂ ಮೊದಲು ಲೆನ್ಸ್ ಸರಿಯಾದ ದೂರದಲ್ಲಿ ಕೂತಿದೆಯಾ ನೋಡಬೇಕು. ಲೆನ್ಸ್ ಕೂರುವ ಬಳೆಯಿಂದ ಫಿಲಂವರೆಗೆ 28.8 ಮಿಲಿಮೀಟರ್ ಇರಬೇಕು. ಈ ಅಳತೆ ಹೊಂದಿಸಲು ಬಳೆಯ ಅಡಿಯಲ್ಲಿ ತೆಳ್ಳಗಿನ ಕಾಗದದ ಅಥವಾ ಲೋಹದ ಸುತ್ತುಗಳನ್ನು ಕಾರ್ಖಾನೆಯಲ್ಲೇ ಇಟ್ಟಿರುತ್ತಾರೆ. ಹಿಂದೆ ಬಿಚ್ಚಿದವರು ಅದನ್ನು ಕಸ ಅಂತ ಎಸೆದಿದ್ದರೆ ಮುಗಿಯಿತು, ರೇಂಜ್‌ಫೈಂಡರ್ ಎಷ್ಟೇ ತಿದ್ದಿದರೂ ಫೋಟೊ ಸರಿಬರುವುದಿಲ್ಲ.

ಫೆಡ್-2ರಲ್ಲಿ ಇದನ್ನು ಮನೆಯಲ್ಲೇ ನೋಡಬಹುದು. ಹಿಂಭಾಗ ಕಳಚಿ. ಫಿಲಂ ಓಡುವ ಕಂಬಿಗಳು ಎರಡು ಜೋಡಿ ಇವೆ. ಒಳಗಿನ ಜೋಡಿಯ ಮೇಲೆ ಮಸುಕಾದ ಗಾಜಿನ ಚಿಕ್ಕ ತುಂಡು ಇಡಿ. ಗಾಜು ಇಲ್ಲದಿದ್ದರೆ ಮಂಜಿನ ಥರದ ಸೆಲೋಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ. ವೇಗವನ್ನು 'ಬಿ'ಗೆ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಜಾಗ) ಇಟ್ಟು, ಗುಂಡಿಗೆ ಸಿಕ್ಕಿಸುವ ಕೇಬಲ್‌ನಿಂದ ಶಟರ್ ತೆರೆದು ಹಿಡಿಯಿರಿ. ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಫೋಕಸನ್ನು ಅನಂತಕ್ಕೆ, ಅಂದರೆ ಅತಿ ದೂರದ ಗುರುತಿಗೆ ತಿರುಗಿಸಿ, ಒಂದೆರಡು ಕಿಲೋಮೀಟರ್ ದೂರದ ಮೊಬೈಲ್ ಟವರ್ ಕಡೆ ಹಿಡಿಯಿರಿ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿ. ಟವರಿನ ಸರಳುಗಳು ತಲೆಕೆಳಗಾಗಿ, ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಲೆನ್ಸ್ ಸರಿ ಕೂತಿದೆ. ಮೊದಲ ಸಲ ಇದನ್ನು ಕಂಡಾಗ ನಾನು ರಿಪೇರಿ ಮರೆತು ಸುಮ್ಮನೆ ನೋಡುತ್ತಾ ಕೂತಿದ್ದೆ.

ಇದು ಸರಿಯಾದ ಮೇಲೆ ರೇಂಜ್‌ಫೈಂಡರ್. ಫೆಡ್-2, ಜೋರ್ಕಿ-4 ಎರಡರಲ್ಲೂ ಮೇಲಿನ ತಟ್ಟೆ ಬಿಚ್ಚುವ ಕೆಲಸ ಇಲ್ಲ. ಮುಂಭಾಗದಲ್ಲಿ ಮುಚ್ಚಳದ ಥರ ಒಂದು ಚಿಕ್ಕ ಸ್ಕ್ರೂ ಇದೆ. ಅದನ್ನು ತೆಗೆದರೆ ಒಳಗೆ ಇನ್ನೊಂದು ಸ್ಕ್ರೂ ಸಿಗುತ್ತದೆ. ಅದೇ ಅನಂತ ಹೊಂದಿಸುವುದು. ಲೆನ್ಸ್ ಅನಂತದಲ್ಲಿಟ್ಟು, ಅದೇ ಟವರ್ ನೋಡುತ್ತಾ, ಎರಡು ಬಿಂಬ ಒಂದಾಗುವವರೆಗೆ ತಿರುಗಿಸಿ. ಒಂದು ಬಿಂಬ ಮೇಲೆ, ಒಂದು ಕೆಳಗೆ ಇದ್ದರೆ ರೇಂಜ್‌ಫೈಂಡರ್ ಕಿಟಕಿಯ ದುಂಡು ಬಳೆ ಬಿಚ್ಚಿ, ಒಳಗಿನ ಬೆಣೆ ಗಾಜನ್ನು ತುಸು ತುಸುವೇ ತಿರುಗಿಸಬೇಕು. ಈ ಗಾಜು ತಿರುಗಿದರೆ ಬಿಂಬ ಪಕ್ಕಕ್ಕೂ ಸರಿಯುತ್ತದೆ. ಹಾಗಾಗಿ ಮೇಲೆ ಕೆಳಗಿನದು ಮೊದಲು, ಅನಂತ ಆಮೇಲೆ.

ಕೊನೆಗೆ ಒಂದು ಮೀಟರ್ ದೂರದಲ್ಲಿ ಪರೀಕ್ಷೆ. ಅಳೆಯುವಾಗ ಫಿಲಂ ಇರುವ ಜಾಗದಿಂದ ಟೇಪ್ ಹಿಡಿಯಿರಿ, ಲೆನ್ಸಿನ ಮೂತಿಯಿಂದ ಅಲ್ಲ. ಅನಂತ ಸರಿಯಿದ್ದು ಹತ್ತಿರದ್ದು ತಪ್ಪಿದರೆ, ಆ ಬೆಣೆ ನಾಲಗೆಯ ಕೋನ ಬದಲಾಗಿದೆ ಅಂತ ಅರ್ಥ. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಅನಂತ ನೋಡಿ, ಮತ್ತೆ ಹತ್ತಿರ. ನಾಲ್ಕೈದು ಸುತ್ತು ಆಗುತ್ತದೆ. ಒಂದು ಸಂಜೆ ಇದಕ್ಕೇ ಎತ್ತಿಡಿ.

ಶಟರ್: ಮನೆಯಲ್ಲಾ, ಮೆಕ್ಯಾನಿಕ್ ಹತ್ತಿರನಾ?

ಪರದೆಯ ತೂತು ಮನೆಯ ಕೆಲಸ. ರಾತ್ರಿ ದೀಪ ಆರಿಸಿ, ಲೆನ್ಸ್ ತೆಗೆದ ಜಾಗದಲ್ಲಿ ಟಾರ್ಚ್ ಹಿಡಿದು, ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ತೂತು ಕೂಡ ನಕ್ಷತ್ರದ ಹಾಗೆ ಕಾಣುತ್ತದೆ. ಎರಡೂ ಪರದೆ ನೋಡಬೇಕು. ತಿರುಗಿಸುವ ಮೊದಲು ಒಂದು ಸಲ, ತಿರುಗಿಸಿದ ಮೇಲೆ ಒಂದು ಸಲ. ನಾಲ್ಕೈದು ತೂತಿದ್ದರೆ ಬಟ್ಟೆಗೆ ಹಚ್ಚುವ, ಒಣಗಿದ ಮೇಲೂ ಬಾಗುವ ಕಪ್ಪು ಬಣ್ಣವನ್ನು ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಪರದೆ ಸುರುಳಿಯಾಗುವಾಗ ತಡವರಿಸುತ್ತದೆ. ಆಕಾಶದ ತುಂಬ ನಕ್ಷತ್ರ ಕಂಡರೆ ಪರದೆಯನ್ನೇ ಬದಲಿಸಬೇಕು. ಅದು ಅನುಭವಿ ಮೆಕ್ಯಾನಿಕ್ ಕೆಲಸ.

ಫೋಟೊದ ಒಂದು ಬದಿ ಕಪ್ಪಾಗಿ ಬಂದರೆ ಎರಡು ಪರದೆಗಳ ಓಟ ಹೊಂದಿಲ್ಲ. ಮೊದಲ ಪರದೆ ನಿಧಾನವಾಗಿದೆ, ಎರಡನೆಯದು ಬಂದು ಅದನ್ನು ಹಿಡಿಯುತ್ತಿದೆ. ಪರದೆಯ ಸ್ಪ್ರಿಂಗ್ ಬಿಗಿ ಮಾಡುವ ಎರಡು ಸ್ಕ್ರೂಗಳು ಕ್ಯಾಮೆರಾದ ತಳದ ಕಡೆ ಇರುತ್ತವೆ. ಅವನ್ನು ನೋಡಿದ ತಕ್ಷಣ ಬಿಗಿ ಮಾಡುವ ಆಸೆ ಹುಟ್ಟುತ್ತದೆ. ತಡೆಯಿರಿ. ನೂರಕ್ಕೆ ತೊಂಬತ್ತು ಸಲ ಅಂತ ಲೆಕ್ಕ ಕೊಡಲಾರೆ, ಆದರೆ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಬರೀ ಕೊಳೆಯಿಂದ ನಿಧಾನವಾಗಿದ್ದವು. ಲೈಟರಿಗೆ ಹಾಕುವ ನಾಫ್ತಾವನ್ನು ಸೂಜಿತುದಿಯಲ್ಲಿ ಗೇರು, ಅಚ್ಚುಗಳಿಗೆ ಮುಟ್ಟಿಸಿ, ಪರದೆಗೆ ತಗಲದ ಹಾಗೆ. ಐವತ್ತು ಸಲ ಶಟರ್ ಓಡಿಸಿ. ಗಡಿಯಾರದ ಎಣ್ಣೆಯ ಒಂದೊಂದು ಹನಿ ಸಾಕು. ಅಷ್ಟಾದರೂ ಸರಿಹೋಗದಿದ್ದರೆ ಮಾತ್ರ ಮೊದಲ ಪರದೆಯ ಸ್ಪ್ರಿಂಗನ್ನು ಕಾಲು ಸುತ್ತು ಬಿಗಿ ಮಾಡಿ, ಎಷ್ಟು ತಿರುಗಿಸಿದಿರಿ ಅಂತ ಬರೆದಿಡಿ. ಹೆಚ್ಚು ಬಿಗಿದ ಶಟರ್ ಹೆಚ್ಚು ದಿನ ಬಾಳುವುದಿಲ್ಲ.

ನಾನು ಒಂದು ಜೋರ್ಕಿಯನ್ನು ಒಬ್ಬರ ಹತ್ತಿರ ರಿಪೇರಿಗೆ ಕೊಟ್ಟಿದ್ದೆ. ತಿರುಗಿ ಬಂದಾಗ ಶಟರ್ ಚುರುಕಾಗಿತ್ತು, ಆದರೆ ಬಳೆಯ ಅಡಿಯ ಕಾಗದದ ಸುತ್ತು ಇರಲಿಲ್ಲ. ಕೆಲಸಕ್ಕೆ ಕೊಡುವ ಮುಂಚೆ ಬಳೆ ಬಿಚ್ಚಿದರೆ ಸುತ್ತುಗಳನ್ನು ಹಾಗೇ ಇಡಬೇಕು ಅಂತ ನಾನು ಹೇಳಿರಲಿಲ್ಲ. ಈಗ ಚೀಟಿ ಬರೆದು ಕ್ಯಾಮೆರಾ ಜೊತೆಗೇ ಕೊಡುತ್ತೇನೆ. ಕೀವ್‌ನ ರಿಬ್ಬನ್ ಮತ್ತು ಯಾವುದೇ ಕ್ಯಾಮೆರಾದ ಪರದೆ ಬದಲಾವಣೆ, ಇವೆರಡನ್ನು ಇನ್ನೂ ಕೊಟ್ಟೇ ಮಾಡಿಸುತ್ತೇನೆ.

ಲೆನ್ಸ್ ಯಾವುದು?

ಇಂಡಸ್ಟಾರ್-26ಎಂ, ಇಂಡಸ್ಟಾರ್-61 ಬಿಚ್ಚಲು ಸುಲಭ, ಗಟ್ಟಿ. ಜುಪಿಟರ್-8 ಮೃದುವಾದ ಚಿತ್ರ ಕೊಡುತ್ತದೆ. ಮುಖಗಳಿಗೆ ನನಗೆ ಅದೇ ಬೇಕು. ಎಲ್ಲದರಲ್ಲೂ ಬರುವ ಕಾಯಿಲೆ ಒಂದೇ: ಗ್ರೀಸ್ ಗೋಂದಾಗಿ ಫೋಕಸ್ ಬಳೆ ತಿರುಗದಿರುವುದು. ಆಗ ಬಲವಂತ ಮಾಡಿದರೆ ಲೆನ್ಸೇ ಕ್ಯಾಮೆರಾದಿಂದ ಕಳಚಿಕೊಳ್ಳಲು ಶುರುವಾಗುತ್ತದೆ. ಮರೆ ಬೇರೆಮಾಡುವಾಗ, ಅದು ಕಳಚುವ ಆ ಕ್ಷಣದಲ್ಲೇ ಎರಡೂ ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಈ ಮರೆಗಳಿಗೆ ಹಲವು ಬಾಯಿ, ಅಂದರೆ ಸುತ್ತು ಶುರುವಾಗುವ ಜಾಗ ಹಲವು. ಗುರುತಿಲ್ಲದಿದ್ದರೆ ಸರಿಯಾದ ಬಾಯಿ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಜೆನಿಟ್ ಅನ್ನುವ, ಒಳಗೆ ಕನ್ನಡಿ ಇರುವ ಸೋವಿಯತ್ ಕ್ಯಾಮೆರಾದ ಹಳೇ ಲೆನ್ಸಿಗೂ ಫೆಡ್, ಜೋರ್ಕಿ ಲೆನ್ಸುಗಳ ಹಾಗೇ 39 ಮಿಲಿಮೀಟರ್ ಮರೆ ಇದೆ. ಹಾಕಿದರೆ ಕೂರುತ್ತದೆ, ಫೋಕಸ್ ಮಾತ್ರ ಆಗುವುದಿಲ್ಲ. ಜೆನಿಟ್‌ಗೆ ಬೇಕಾದ ದೂರ 45.2 ಮಿಲಿಮೀಟರ್. ಮಾರುವವರು ಎರಡನ್ನೂ ಬೆರೆಸಿಬಿಡುತ್ತಾರೆ, ನೋಡಿಕೊಂಡು ತಗೊಳ್ಳಿ.

ಮಲೆನಾಡು, ಕರಾವಳಿಯವರು ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಬೇಡಿ. ಮಳೆಗಾಲದಲ್ಲಿ ಆ ಚರ್ಮ ತೇವ ಹೀರಿಕೊಂಡು ಲೆನ್ಸಿಗೆ ಬೂಷ್ಟು ಹತ್ತಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು.

ಎಲ್ಲ ಮುಗಿದ ಮೇಲೆ ಒಂದು ರೋಲ್ ಪರೀಕ್ಷೆಗೆ. ಬಿಳಿ ಗೋಡೆಯನ್ನು ಎಲ್ಲ ವೇಗದಲ್ಲೂ ಒಂದೊಂದು ಸಲ ತೆಗೆಯಿರಿ, ಪರದೆಗಳ ಓಟ ಅದರಲ್ಲಿ ಕಾಣುತ್ತದೆ. ಓರೆಯಾಗಿಟ್ಟ ಅಡಿಕೋಲನ್ನು ಒಂದು ಮೀಟರಿನಿಂದ, ಲೆನ್ಸ್ ಪೂರ್ತಿ ತೆರೆದು, ಹದಿನೈದರ ಗುರುತಿಗೆ ಫೋಕಸ್ ಮಾಡಿ ತೆಗೆಯಿರಿ. ನೆಗೆಟಿವ್‌ನಲ್ಲಿ ಹದಿನೈದೇ ಚೂಪಾಗಿದ್ದರೆ ಮುಂಭಾಗದ ಮುಚ್ಚಳದ ಸ್ಕ್ರೂ ಹಾಕಿ ಬಿಗಿ ಮಾಡಿ. ಹದಿಮೂರೋ ಹದಿನೇಳೋ ಚೂಪಾಗಿದ್ದರೆ, ಮುಚ್ಚಳ ಇನ್ನೂ ಹೊರಗೇ ಇರಲಿ.